ಚಮಕಿ ಹಚ್ಚಿದ ಬನ್ನಿ

ಗ್ಯಾನಮ್ಮನ ಹಟ ಅಂದ್ರ ಮಸ್ಕಿ ಗುಡ್ಡ ಇದ್ದಂಗ. ಯಾರು ನೂಕಿದ್ರೂ ಸರಿಯೂದಿಲ್ಲ. "ಬಾ ಅಂತ ನಾ ಕರಿಯಂಗಿಲ್ಲ. ಬರೂದಿದ್ರ ತಾನ ಬರಲಿ" ಅಂತ ಸೊಸಿ ಮ್ಯಾಲ ಸಿಟ್ಟಾಗಿ ಕುಂತಾಕಿ, ಮೊಮ್ಮಗಳು ಹುಟ್ಟಿ, ಅದಕ್ಕ ಹೆಸರಿಟ್ಟು, ಅದು ಮಗ್ಗಲಾಗಾಕ ಕಲ್ತು, ಈಗ ಕೈ ಹಿಡದ್ರ ಕುಂದರಾಕ ಹತ್ತಿದ್ರೂ ಆ ಮಾತು ಬಿಟ್ಟಿದ್ದಿಲ್ಲ. ಮೊಮ್ಮಗಳ ಮಾರಿ ನೋಡಿದ್ದು ಮಗನ ಮೊಬೈಲಿನಾಗಷ್ಟ. ಅದೂ ಸೊಸಿ ದನಿ ಕೇಳಿದ್ರ ಸಾಕು, ಮೊಬೈಲ್ ಅತ್ತಾಗ ಸರಿಸಿ, "ಕೂಸು ಭಾಳ ಸೊರಗೈತಿ. ಅಲ್ಲಿ ನೀರು ಒಗ್ಗಿಲ್ಲ ಕಾಣತೈತಿ" ಅಂತ ಗ್ವಾಡಿಗಿ ಹೇಳಾಕಿ. ಕೂಸು ಎಲ್ಲಿ ಸೊರಗಿತ್ತು? ಕೆನ್ನಿ ಉಬ್ಬಿ ಕಣ್ಣು ಕಾಣವಲ್ದಂಗ ಆಗಿತ್ತು.

ಜಗಳ ಆದ್ರೂ ಎಂಥಾದ್ದು ಅಂತೀರಿ? ಹೊಲದ್ದಲ್ಲ, ಮನೀದಲ್ಲ. 'ಬೇ' ಅನ್ನೋ ಒಂದು ಸಣ್ಣ ಮಾತಿಂದು.

ಗ್ಯಾನಮ್ಮನ ಮಗ ಹುಲಿಗೇಶ ಲಿಂಗಸುಗೂರು ಡಿಪೋದಾಗ ಬಸ್ ಡ್ರೈವರ. ಅಲ್ಲಿ ದವಾಖಾನಿಗಿ ನರ್ಸ್ ಆಗಿ ಬಂದಿದ್ದ ನಾಗಮಂಗಲದ ಕಡಿ ಹುಡುಗಿ ಭಾಗ್ಯಾನ್ನ ಮೆಚ್ಚಿ ಮದಿವಿ ಆದ. ಬಂದ ವಾರದಾಗ ಅತ್ತಿಗಿ ಸೊಸಿ ಅಂದ್ರ ಜೀವ. ಡ್ಯೂಟಿ ಮುಗಿಸಿ ಭಾಗ್ಯ ಮಸ್ಕಿ ಬಸ್ ಇಳದು ಮನಿಗಿ ಬರೂದ ತಡ, "ದಣದೇನ್ ಬೇ? ಉಂಡೇನ್ ಬೇ? ಬಾ ಬೇ, ತೆಲಿಗಿ ಎಣ್ಣಿ ಹಚ್ತೀನಿ" ಅಂತ ಗ್ಯಾನಮ್ಮ ಹಿಂದ ಹಿಂದ ತಿರಗಾಕಿ. ಭಾಗ್ಯಾನೂ ನಕ್ಕೋತ ತೆಲಿ ಒಡ್ಡಿ ಕುಂದರಾಕಿ. ಹಿಂಗ ಇದ್ದ ಮನಿಯಾಗ, ಬಾಣಂತನಕ್ಕ ಮಗಳನ್ನ ಕರಕೊಂಡು ಹೋಗಾಕ ಬೀಗತಿ ಬಂದ್ಲು. ಬಂದಾಕಿ ಈ 'ಬೇ' ಕೇಳಿ ಮಾರಿ ಗಂಟು ಹಾಕಿದ್ಲು.

"ಗೌರ್ಮೆಂಟ್ ಕೆಲಸದಲ್ಲಿರೋ ಹುಡ್ಗಿ ಕಣ್ರೀ. ಇಡೀ ಆಸ್ಪತ್ರೆ ಮೇಡಂ ಅಂತದೆ. ನೀವು ಬೇ ಬೇ ಅಂತ ದನ ಅಟ್ಟಂಗೆ ಮಾತಾಡ್ತೀರಲ್ಲ" ಅಂದ್ಲು.

ಗ್ಯಾನಮ್ಮಗ ಮೈಯೆಲ್ಲ ಉರೀತು. "ನನ್ನ ಸೊಸಿಗಿ ನಾ ಏನರ ಅಂತೀನಿ. ನಮ್ಮವ್ವಗ ಆಕಿ ಸಾಯೂತನ ನಾ ಬೇ ಅಂತಿದ್ದೆ. ಹಂಗಾರ ನಮ್ಮವ್ವನೂ ದನ ಏನು?"

ಮಾತಿಗಿ ಮಾತು ಬೆಳೀತು. ನಡುವ ನಿಂತ ತುಂಬಿದ ಬಸುರಿ ಭಾಗ್ಯ ತಾಯಿ ಕಡಿ ನೋಡಿದ್ಲು, ಅತ್ತಿ ಕಡಿ ನೋಡಿದ್ಲು, ಸಾಕಾಗಿ, "ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ ಅತ್ತೆ" ಅಂದುಬಿಟ್ಲು. ಅಷ್ಟ. ಬೀಗತಿ ನೂರು ಮಾತು ಅನ್ನಲಿ, ಬಿಡು. ಸೊಸಿ ಅಂದ ಆ ಒಂದು ಮಾತು ಗ್ಯಾನಮ್ಮನ ಎದಿಯಾಗ ನಟ್ಟು ಕುಂತಿತು. ಅವತ್ತು ಭಾಗ್ಯ ಬಸ್ ಹತ್ತೂವಾಗ ಗ್ಯಾನಮ್ಮ ಹೊರಗ ಬರಲಿಲ್ಲ. ಅವತ್ತಿನಿಂದ ಇಕಿ ಆಕಿಗಿ ಫೋನ್ ಮಾಡಲಿಲ್ಲ, ಆಕಿ ಇಕಿಗಿ ಮಾಡಲಿಲ್ಲ. ಹೆಸರಿಡೂ ಕಾರ್ಯಕ್ಕೂ ಮೊಣಕಾಲು ಬ್ಯಾನಿ ಅಂತ ನೆವ ಹೇಳಿ ಮನ್ಯಾಗ ಉಳದ್ಲು. ಗಂಡ ಮೈಲಾರಲಿಂಗಪ್ಪ ಒಬ್ಬನ ಹೋಗಿ ಬಂದ.

ನಡುವ ಸಿಕ್ಕು ಅರದು ಹೋದಾವ ಹುಲಿಗೇಶ. ದಸರಾ ಹತ್ತಿರ ಬಂದಾಗ ಒಂದಿನ ಉಣ್ಣಾಕ ಕುಂತಾವ ರೊಟ್ಟಿ ಮುರಕೋತ ಹೇಳಿದ.

"ಆಕಿ ರಜಾ ದೀಪಾವಳಿಗಿ ಮುಗೀತೈತಿ ಬೇ. ಅತ್ತೆ ಒಂದ್ಸಲ ಬಾಯ್ತುಂಬ ಕರೀಲಿ, ಅವತ್ತೇ ಹೊರಡ್ತೀನಿ ಅಂತಾಳ. ಇಲ್ಲಾಂದ್ರ ಮಂಡ್ಯದ ಕಡಿ ವರ್ಗ ಕೇಳ್ತಾಳಂತ. ವರ್ಗ ಆತಂದ್ರ ಮುಗದಹೋತು, ನಾನೂ ಕೂಸೂ ಬಸ್ ಸ್ಟ್ಯಾಂಡಿನ್ಯಾಗ ಭೆಟ್ಟಿ ಆಗಬೇಕು. ಒಂದು ಮಾತು ಬೇ ಯವ್ವಾ. ಬಾ ಅಂದ್ರ ನಿನ್ನ ಗಂಟೇನು ಹೋಗತೈತಿ?"

"ಮರ್ಯಾದಿ ಇಲ್ದಾಕಿ ಕರದ್ರ ಮರ್ಯಾದಿ ಇದ್ದಾಕಿ ಹೆಂಗ ಬಂದಾಳು?" ಅಂದ್ಲು ಗ್ಯಾನಮ್ಮ. ಬಾಯಿ ಹಂಗ ಅಂತು, ಆದ್ರ ವರ್ಗ ಅನ್ನೋ ಮಾತು ಆಕಿ ಎಣಿಸಿದ್ದಿಲ್ಲ. ತಾನಾಗೇ ಬರ್ತಾಳ, ನಾಲ್ಕು ದಿನ ಮಾರಿ ಉಬ್ಬಿಸಿಕೊಂಡು ಇದ್ರಾತು, ಐದನೇ ದಿನ ಕೂಸು ನಡುವ ಬಂದು ಎಲ್ಲಾ ಸರಿ ಆಗತೈತಿ ಅಂತ ತಿಳಕೊಂಡಿದ್ಲು. ಬರದಾನೇ ಹೋದ್ರ?

ಮನಸ್ಸು ಸಮಾಧಾನ ಇಲ್ದಾಗ ಗ್ಯಾನಮ್ಮ ಹೋಗೂದು ಬಾಜೂಮನಿ ಹಸೀನಾಬೀ ಕಡೆಗಿ. ನಡುವ ಒಂದ ಗ್ವಾಡಿ. ಈ ಕಡಿ ಸಾರಿನ ಒಗ್ಗರಣಿ ಹಾಕಿದ್ರ ಆ ಕಡಿ ಸೀನತಾರ. ಹಸೀನಾಬೀ ಬುರ್ಖಾಕ್ಕ, ಲಗ್ನದ ದುಪಟ್ಟಾಕ್ಕ ಚಮಕಿ ಕೆಲಸ ಮಾಡಾಕಿ. ಈಗೀಗ ಶುಭಾಶಯದ ಕಾರ್ಡು ಮಾಡಾಕ ಹತ್ತಿದ್ಲು. ಸಿಂಧನೂರಿನ ಫ್ಯಾನ್ಸಿ ಅಂಗಡ್ಯಾಗ ರಮ್ಜಾನಿಗಿ ಇಟ್ಟ ಕಾರ್ಡು ಎಲ್ಲಾ ಖರ್ಚಾಗಿ, ಈಗ ದಸರಾಕ್ಕ, ದೀಪಾವಳಿಗಿ ಬೇಕಂತ ಅಂಗಡಿಯವ ಬೆನ್ನು ಹತ್ತಿದ್ದ.

"ಮೊಬೈಲಿನಾಗ ಎಲ್ಲಾರೂ ಫೋಟೋ ಕಳಸ್ತಾರಲ್ಲ ಹಸೀನಾ, ಇದನ್ಯಾರು ಕೊಳ್ತಾರ?" ಅಂತ ಗ್ಯಾನಮ್ಮ ಕೇಳಿದ್ಲು.

"ಅದು ಬೆಳಿಗ್ಗಿ ಬರತೈತಿ, ಮಧ್ಯಾನಕ್ಕ ಅಳಸ್ತಾರ ಅಕ್ಕಾ. ಕೈಲೆ ಮಾಡಿದ್ದು ಒಗಿಯಾಕ ಯಾರಿಗೂ ಮನಸ್ಸು ಬರಂಗಿಲ್ಲ" ಅಂದ್ಲು ಹಸೀನಾಬೀ, ತೆಲಿ ಎತ್ತದ. "ಕುಂದರು. ಸುಮ್ನ ಕುಂತು ಏನ್ ಮಾಡ್ತಿ, ಈ ಕಾಗದ ಮಡಚು."

ಕೆಲಸ ನೋಡಾಕ ಹಗುರ. ದಪ್ಪ ಕಾಗದ ನಡುವ ಮಡಚೂದು, ಸಣ್ಣ ಮೂತಿ ಬಾಟ್ಲಿಲಿಂದ ಗಮ್ ಬಿಟ್ಟು ಹೂವೋ ದೀಪಾನೋ ಬರಿಯೂದು, ಅದು ಹಸಿ ಇರೂವಾಗ ಮ್ಯಾಲ ಚಮಕಿ ಪುಡಿ ಉದುರಸೂದು. ಆಮ್ಯಾಲ ಕಾಗದ ಎತ್ತಿ ಹಳೇ ಪೇಪರಿನ ಮ್ಯಾಲ ಬೋರಲು ಮಾಡಿ ಹಿಂದಿಲಿಂದ ಬೆರಳಿಲೆ ಟಕ್ ಟಕ್ ಬಡದ್ರ, ಹೆಚ್ಚಿಂದು ಉದರಿ, ಬರದಷ್ಟು ಮಾತ್ರ ಮಿಂಚತಿರತೈತಿ. ಗ್ಯಾನಮ್ಮ ಮೊದಲನೇ ದಿನಾನ "ಅಯ್ಯ, ಶಕಿ ಶಕಿ" ಅಂತ ಎದ್ದು ಫ್ಯಾನ್ ಹಾಕಿದ್ಲು. ಚಮಕಿ ಡಬ್ಬಿ ಬಾಯಿ ತೆರದಿತ್ತು. ಹಸೀನಾಬೀ "ನಕ್ಕೋ, ನಕ್ಕೋ! ಬ್ಯಾಡ ಅಕ್ಕಾ!" ಅಂತ ಒದರೂದ್ರಾಗ ಬಂಗಾರದ ಪುಡಿ ಮನಿ ತುಂಬ ಹಾರಿ, ಪಾತ್ರಿ, ಹಾಸಿಗಿ, ಇಬ್ಬರ ತೆಲಿ, ಎಲ್ಲಾ ಬಂಗಾರ. ಸೆರಗಿಗಿ ಹತ್ತಿದ್ದು ಗ್ಯಾನಮ್ಮನ ಮನಿಗೂ ಬಂತು, ರೊಟ್ಟಿಗೂ ಬಂತು. ಮರುದಿನ ಮೈಲಾರಲಿಂಗಪ್ಪ ಚಾದಂಗಡಿಗಿ ಹೋದ್ರ, "ಏನ್ ಕಾಕಾ, ಮೀಸಿಗಿ ಚಮಕಿ ಹಚ್ಚಿ? ಯಾರ ಮೆರವಣಗಿ?" ಅಂತ ಮಂದಿ ಬಿದ್ದು ಬಿದ್ದು ನಕ್ಕರಂತ. ಮನಿಗಿ ಬಂದು ಹೆಂಡ್ತಿ ಮ್ಯಾಲ ಹರಿಹಾಯ್ದ. ಆಮ್ಯಾಲ ಕನ್ನಡಿ ನೋಡಿಕೊಂಡು ತಾನೂ ನಕ್ಕ.

ದಸರಾ ಬಂತು. ಸಂಜಿಗಿ ಊರ ಮಂದಿ ಬನ್ನಿ ಗಿಡಕ್ಕ ಹೋಗಿ ಎಲಿ ಮುರಕೊಂಡು ಬಂದ್ರು. ಆ ಎಲಿ ಒಬ್ಬರಿಗೊಬ್ಬರು ಕೈಯಾಗ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತ ಸಣ್ಣವ್ರು ದೊಡ್ಡವ್ರ ಕಾಲಿಗಿ ಬೀಳೂದು. ವರ್ಷಗಟ್ಟಲೆ ಮಾರಿ ನೋಡದವ್ರೂ ಅವತ್ತು ಕೊಡ್ತಾರ, ತಗೋತಾರ. ಬನ್ನಿ ಬ್ಯಾಡ ಅನ್ನೂವಂಗಿಲ್ಲ. ಹುಲಿಗೇಶ ಕೊಟ್ಟ, ಹಸೀನಾಬೀ ಗ್ವಾಡಿ ಮ್ಯಾಲಿಂದ ಕೈ ಚಾಚಿ ಕೊಟ್ಟು ಇಸಗೊಂಡ್ಲು. ಎಲ್ಲಾರದೂ ಮುಗದ ಮ್ಯಾಲ ಗ್ಯಾನಮ್ಮನ ಕೈಯಾಗ ಒಂದು ಎಸಳು ಉಳೀತು. ದೂರ ಇದ್ದವ್ರ ಪಾಲು ದೇವರ ಜಗಲಿ ಮ್ಯಾಲ ತೆಗದಿಡೂದು ಆಕಿ ಅತ್ತಿ ಕಾಲದ ರೂಢಿ. ಲಗ್ನದ ವರ್ಷದ ದಸರಾಕ್ಕ ಭಾಗ್ಯ ತವರಿಗಿ ಹೋಗಿದ್ಲು, ಈ ಸಲ ಬಾಣಂತನ. ಪಾಪ, ಈ ಮನಿ ಬನ್ನಿ ಒಮ್ಮಿನೂ ಆಕಿ ಕೈಗಿ ಬಿದ್ದಿಲ್ಲ. ಗ್ಯಾನಮ್ಮ ಆ ಎಸಳು ಹಿಡಕೊಂಡು ಜಗಲಿ ಮುಂದ ಭಾಳ ಹೊತ್ತು ನಿಂತ್ಲು, ಆಮ್ಯಾಲ ಅದನ್ನ ಸೆರಗಿನ್ಯಾಗ ಕಟಗೊಂಡು ಹಸೀನಾಬೀ ಮನಿಗಿ ನಡದ್ಲು.

"ಒಂದು ಕಾರ್ಡು ಕೊಡು ಹಸೀನಾ. ಬರೇದು. ನಾನ ಬರೀತೀನಿ."

"ಯಾರಿಗಿ?"

"ಯಾರಿಗರ ಆಗಲಿ."

ಹಸೀನಾಬೀ ತುಟಿ ಕಚ್ಚಿ ನಗು ನುಂಗಿದ್ಲು. "ಸೊಸಿನ್ನ ಕರಿಯಾಕತ್ತಿ ಏನಕ್ಕಾ?"

"ಕರಿಯಾಕ ನನಗೇನು ಹುಚ್ಚು ಹಿಡದೈತೇನು? ಬನ್ನಿ ಆಕಿ ಪಾಲಿಂದು. ಆಕಿ ಪಾಲು ಆಕಿಗಿ ಮುಟ್ಟಿಸಿದ್ರ ನನ್ನ ಜವಾಬ್ದಾರಿ ಮುಗೀತು. ಇದರಾಗ ಬಾ ಗೀ ಅನ್ನೂದು ಏನೂ ಇಲ್ಲ."

ಗ್ಯಾನಮ್ಮ ಸಾಲ್ಯಾಗ ಮೂರನೇತ್ತ ತನಕ ಕಲತಾಕಿ. 'ಬನ್ನಿ ತಗೊಂಡು ಬಂಗಾರದಂಗ ಇರ್ರಿ' ಅಂತ ಪೂರಾ ಬರೀಬೇಕಂತ ಆಕಿ ಮನಸ್ಸು. ಗಮ್ ಬಾಟ್ಲಿ ಹಿಡದು, ನಾಲಿಗಿ ಕಚ್ಚಿಕೊಂಡು, ಉಸಿರು ಬಿಗಿ ಹಿಡದು ಬರದ್ಲು. ಅಕ್ಷರ ಒಂದೊಂದೂ ಜೋಳದ ರೊಟ್ಟಿಯಷ್ಟು. 'ಬ' ಬರಿಯೂದ್ರಾಗ ಕಾರ್ಡಿನ ಅರ್ಧ ತುಂಬಿತು. 'ನ್ನಿ'ಗಿ ಉಳದಿದ್ದೂ ಹೋತು. ಇನ್ನು ಬಂಗಾರ ಎಲ್ಲಿ ಬರೀಬೇಕು?

"ಆತು ಬಿಡು ಅಕ್ಕಾ. ಪಕ್ಕದ ಪುಟದಾಗ ಎಲಿ ಇರತೈತಲ್ಲ, ಎಂಥವ್ರಿಗೂ ತಿಳೀತೈತಿ" ಅಂತ ಹಸೀನಾಬೀ ಸಮಾಧಾನ ಮಾಡಿದ್ಲು. ಗ್ಯಾನಮ್ಮ ಮ್ಯಾಲ ಚಮಕಿ ಸುರದ್ಲು. ಕೈ ಕಂಜೂಸಿ ಮಾಡಲಿಲ್ಲ, ಮುಟಗಿ ಮುಟಗಿ ಸುರದ್ಲು. ಬೋರಲು ಮಾಡಿ ಬಡದು ತಿರುಗಿಸಿದ್ರ ಬನ್ನಿ ಅನ್ನೋ ಅಕ್ಷರ ಝಗಝಗ ಅನ್ನಾಕ ಹತ್ತಿತು. ತಾನು ಬರದದ್ದು ಇಷ್ಟು ಚಂದ ಕಾಣತೈತಿ ಅಂತ ಆಕಿಗಿ ಗೊತ್ತಿದ್ದಿಲ್ಲ. ಕಣ್ಣು ತುಂಬಿ ಬಂತು. "ಈ ಚಮಕಿ ಕಣ್ಣಾಗ ಬಿತ್ತು ನೋಡು" ಅಂತ ಸೆರಗಿಲೆ ಒರಸಿಕೊಂಡ್ಲು.

ಈಗ ಎಲಿ ಅಂಟಸೂ ಪಾಳಿ. ಹಸೀನಾಬೀ ಗಮ್ ಮುಂದ ಮಾಡಿದ್ರ ಗ್ಯಾನಮ್ಮ ಕೈ ಹಿಂದ ತಗೊಂಡ್ಲು. "ಬನ್ನಿ ಅಂದ್ರ ದೇವರು. ಅದಕ್ಕ ಏನೇನೋ ಹಾಕಿ ಮಾಡಿದ ಈ ನಾರೂ ಗಮ್ ಹಚ್ಚಂಗಿಲ್ಲ." ಮನಿಗಿ ಹೋಗಿ ಜೋಳದ ಹಿಟ್ಟು ನೀರಾಗ ಕುದಿಸಿ, ಬೆರಳಿಗಿ ಅಂಟೂವಂಗ ಮಾಡಿಕೊಂಡು ಬಂದ್ಲು.

"ಜೋಳದ ಹಿಟ್ಟು ಹಿಡಿಯಂಗಿಲ್ಲ ಅಕ್ಕಾ, ಒಣಗಿದ ಮ್ಯಾಲ ಬಿಡತೈತಿ" ಅಂತ ಹಸೀನಾಬೀ ಬಡಕೊಂಡ್ಲು.

"ನಮ್ಮ ಹೊಟ್ಟಿ ಹಿಡದೈತಿ, ಎಲಿ ಹಿಡಿಯಂಗಿಲ್ಲೇನು?" ಅಂದು ಗ್ಯಾನಮ್ಮ ಹಿಟ್ಟಿಲೆ ಎಸಳು ಅಂಟಿಸಿದ್ಲು. ಮರುದಿನ ಮೈಲಾರಲಿಂಗಪ್ಪ ಅದನ್ನ ಪೋಸ್ಟಿಗಿ ಒಯ್ದ. ಒಳಗಿನವ ಲಕೋಟಿ ಮ್ಯಾಲ ಠಪ್ ಠಪ್ ಅಂತ ಶಿಕ್ಕಾ ಹೊಡದ. ಬನ್ನಿ ಎಸಳು ಎಷ್ಟು ಸಣ್ಣ ಎಲೀದು ನಿಮಗ ಗೊತ್ತಲ್ಲ. ಅಲ್ಲೇ ಅರ್ಧ ಉದುರಿರಬೇಕು.

ನಾಲ್ಕೈದು ದಿನ ಹೋದ್ವು. ಗ್ಯಾನಮ್ಮ ಕೇಳಬಾರದು ಅಂತ ಅಂದುಕೊಂಡು ಮಗನ ಮಾರಿ ನೋಡಾಕಿ, ಅವ ಏನೂ ಅನ್ನಲಿಲ್ಲಂದ್ರ ಬೆಕ್ಕಿಗಿ ಬೈಯಾಕಿ. ಒಂದಿನ ಸಂಜಿಗಿ ಹುಲಿಗೇಶ ಖಾಕಿ ಅಂಗಿ ಸುದ್ದಾ ತೆಗೀದ, ಹಿಂದಿಲಿಂದ ಬಂದು ಅವ್ವನ್ನ ಅವಚಿದ.

"ಅಂತೂ ಕರದಿ ಬಿಡು ಬೇ ಯವ್ವಾ! ನೀ ಏನ್ ಸಾಮಾನ್ಯಾಕಿ ಅಲ್ಲ!"

"ಬಿಡಲೇ, ಯಾರನ್ನ ಕರದೆ?"

"ನಾಟಕ ಸಾಕು. ಭಾಗ್ಯ ಫೋನ್ ಮಾಡಿದ್ಲು. ಅತ್ತೆ ಬಂಗಾರದ ಅಕ್ಷರದಲ್ಲಿ 'ಬನ್ನಿ' ಅಂತ ಬರ್ದವ್ರೆ ಕಣ್ರೀ, ನನ್ನನ್ನ ಬಹುವಚನದಲ್ಲಿ ಕರ್ದವ್ರೆ ಅಂತ ಒಂದ ಸವನ ಅತ್ತಳು. ನಾಡದು ಬೆಳಿಗ್ಗಿ ಲಿಂಗಸುಗೂರಾಗ ಇಳೀತಾಳ."

ಜೋಳ ಹಸನ ಮಾಡಾಕ ಕುಂತಿದ್ದ ಗ್ಯಾನಮ್ಮನ ಕೈ ಕೇರೂ ಮರದಾಗ ನಿಂತ್ವು. "ಬನ್ನಿ ಅಂದ್ರ ಬನ್ನಿ ಲೇ! ಬನ್ನಿ ಗಿಡದ ಬನ್ನಿ! ಎಲಿ ಅಂಟಿಸಿ ಕಳಿಸೀನಿ!"

"ಎಲಿ ಗಿಲಿ ಅಂತ ಆಕಿ ಏನೂ ಅನ್ನಲಿಲ್ಲಲ್ಲ. ಬರೇ ಬನ್ನಿ ಅಂತ ಇತ್ತಂತ" ಅಂದ ಹುಲಿಗೇಶ. ಅಂದ ಮ್ಯಾಲ ಅವನಿಗೂ ತಿಳೀತು.

ತಿಳಿಯದ ಏನು? ಮಸ್ಕ್ಯಾಗ ಯಾರನ್ನರ ಕರೀಬೇಕಂದ್ರ 'ಬರ್ರಿ' ಅಂತಾರ. ಬನ್ನಿ ಅಂದ್ರ ಕೂಸಿಗೂ ಗೊತ್ತು, ಅದು ದಸರಾದ ಎಲಿ. ನಾಗಮಂಗಲದ ಕಡಿ ಮರ್ಯಾದಿ ಕೊಟ್ಟು ಕರಿಯೂದ 'ಬನ್ನಿ' ಅಂತ. ಎಲಿ ಉದುರಿತು, ಮಾತು ಉಳೀತು. ಗ್ವಾಡಿ ಆಚಿಲಿಂದ ಹಸೀನಾಬೀ, "ಹಿಟ್ಟು ಹಿಡಿಯಂಗಿಲ್ಲಂತ ನಾ ಬಡಕೊಂಡಿಲ್ಲೇನು ಅಕ್ಕಾ!" ಅಂತ ಕೂಗಿ, ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ಲು.

ಹುಲಿಗೇಶನ ಮಾರಿ ಸಪ್ಪಗಾತು. ಮೊಬೈಲ್ ತೆಗದ. "ಹಂಗಾರ ಹೇಳೇಬಿಡ್ತೀನಿ ಬೇ. ಅವ್ವ ಕರದಿಲ್ಲ, ಅದು ಎಲಿ ಹೆಸರು ಅಂತ. ಸುಳ್ಳ ಆಸೆ ಇಟಗೊಂಡು ಎಳೇ ಕೂಸು ಕಟಗೊಂಡು ಅಷ್ಟು ದೂರ ಯಾಕ ಬರಬೇಕು?"

ಗ್ಯಾನಮ್ಮ ಮರದಾಗಿನ ಜೋಳ ಅತ್ತಾಗ ಇತ್ತಾಗ ಸರಿಸಿದ್ಲು. ಮಗನ ಬೆರಳು ನಂಬರಿನ ಮ್ಯಾಲ ಹೋದದ್ದ ತಡ, "ಆ ಮೊಬೈಲ್ ಕೆಳಗ ಇಡು" ಅಂದ್ಲು.

"ಮತ್ತ?"

"ಮತ್ತೂ ಇಲ್ಲ ಗಿತ್ತೂ ಇಲ್ಲ. ಬಸ್ ಎಷ್ಟೊತ್ತಿಗಿ ಮುಟ್ಟತೈತಿ ಅಷ್ಟು ಹೇಳು."

ಆ ಎರಡು ದಿನ ಗ್ಯಾನಮ್ಮನ ಮೊಣಕಾಲು ಬ್ಯಾನಿ ಎಲ್ಲಿ ಹೋತೋ ಏನೋ. ಅಟ್ಟದ ಮ್ಯಾಲಿಂದ ಹುಲಿಗೇಶನ ತೊಟ್ಟಿಲು ಇಳಿಸಿ ತಿಕ್ಕಿ ತೊಳದ್ಲು, ಗಂಡನ ಕೈಲೆ ಜಂತಿಗಿ ಕಟ್ಟಿಸಿದ್ಲು, ಹಳೇ ಕಾಟನ್ ಸೀರಿ ಒಗದು ಹಾಸಿದ್ಲು. ಸೊಸಿ ಬರ್ತಾಳಂತ ಖುಷಿ ಎಷ್ಟಿತ್ತೋ, ನಾ ಕರೀದ ಬರಾಕತ್ತಾಳಲ್ಲ ಅಂತ ನಾಚಿಕಿ ಅಷ್ಟ ಇತ್ತು. ಒಂದು ಮಾತಿಗಾಗಿ ಆ ಹುಡುಗಿ ಇಷ್ಟು ದಿನ ದಾರಿ ಕಾದಾಳ. ಆ ಮಾತು ತನ್ನ ಬಾಯಾಗ ಇತ್ತು, ಕೊಡಲಿಲ್ಲ. ಹಿಟ್ಟು ಗಟ್ಟಿ ಹಿಡದಿದ್ರ ಇವತ್ತಿಗೂ ಕೊಡ್ತಿದ್ದಿಲ್ಲ.

ಬೆಳಿಗ್ಗಿ ಹುಲಿಗೇಶ ಲಿಂಗಸುಗೂರಿಗಿ ಹೋಗಿ ಇಬ್ಬರನ್ನ ಕರಕೊಂಡು ಬಂದ. ಮೊದಲನೇ ಸಲ ಮನಿಗಿ ಬರೂ ಕೂಸು. ಗ್ಯಾನಮ್ಮ ಬಾಗಿಲಾಗ ರೊಟ್ಟಿ, ನೀರು ಹಿಡಕೊಂಡು ನಿವಾಳಿಸಾಕ ನಿಂತಿದ್ಲು. ಭಾಗ್ಯ ಹೊಸ್ತಿಲ ಆಚಿ ನಿಂತ್ಲು. ಹಿಂದ ಹುಲಿಗೇಶ, ಅವನ ಕೈಲಿಂದ ಚೀಲ ಇಸಗೊಂಡ ಮೈಲಾರಲಿಂಗಪ್ಪ. ಕೂಸು ಅಜ್ಜಿನ್ನ ಕಣ್ಣು ಪಿಳಪಿಳ ಬಿಟ್ಟು ನೋಡಿತು. ಅದರ ಕೆನ್ನಿ ಮ್ಯಾಲ ಒಂದು ಬಂಗಾರದ ಚಮಕಿ.

"ನಿಮ್ಮ ಕಾರ್ಡಿಂದೇ ಅತ್ತೆ" ಅಂದ್ಲು ಭಾಗ್ಯ. "ದಿನಾ ಅದನ್ನ ಹಿಡ್ಕೊಂಡೇ ಆಡ್ತಾಳೆ, ತೊಳದ್ರೂ ಹೋಗಕಿಲ್ಲ." ಆಮ್ಯಾಲ ದನಿ ಸಣ್ಣದಾತು. "ಅವತ್ತು ನಾನಂಗೆ ಅನ್ನಬಾರದಿತ್ತು ಅತ್ತೆ. ಅಮ್ಮನ ಮುಂದೆ ಏನೋ ಬಾಯಿಗೆ ಬಂದ್ಬಿಡ್ತು. ನೀವು ಅದನ್ನ ಮನಸಲ್ಲಿಟ್ಕೊಳ್ದೆ, ಇಷ್ಟು ಮರ್ಯಾದೆ ಕೊಟ್ಟು ಬನ್ನಿ ಅಂತ ಕರೆದ್ರಿ. ನಂಗೆ ಅಳು ತಡಿಯಕ್ಕಾಗ್ಲಿಲ್ಲ. ಒಳಗೆ ಒಣಗಿದ ಸೊಪ್ಪಿನ ಪುಡಿ ಬೇರೆ ಇಟ್ಟಿದ್ರಲ್ಲ, ಮಗಿಗೆ ದೃಷ್ಟಿ ಆಗದಿರಲಿ ಅಂತ ಕಳಿಸವ್ರೆ ಅನ್ಕೊಂಡು ಕಟ್ಟಿವ್ನಿ ನೋಡಿ."

ಕೂಸಿನ ತೋಳಿಗಿ ಬಿಳೇ ಬಟ್ಟಿದೊಂದು ಪುಟ್ಟ ಗಂಟು ಇತ್ತು. ಗ್ಯಾನಮ್ಮ ರೊಟ್ಟಿ, ನೀರಿನ ಚರಿಗಿ ಕೆಳಗಿಟ್ಲು. ಗಂಟು ಬಿಚ್ಚಿದ್ಲು. ಒಳಗ ಬನ್ನಿ ಎಲಿ, ಒಣಗಿ ಪುಡಿ ಆಗಿ, ನಡುವ ಚಮಕಿ ಕೂಡಿಕೊಂಡಿತ್ತು. ಒಂದು ಚಿಟಗಿ ತಗೊಂಡು ಸೊಸಿ ಅಂಗೈಯಾಗ ಇಟ್ಲು.

"ಬನ್ನಿ ತಗೋ ಬೇ. ಬಂಗಾರದಂಗ ಇರೋಣು." ಪುಡಿ ಕಡಿ ಬೆರಳು ತೋರಿಸಿದ್ಲು. "ಇದಕ್ಕ ನಮ್ಮ ಕಡಿ ಬನ್ನಿ ಅಂತಾರ. ದಸರಾದಾಗ ಕೊಡೂ ಎಲಿ. ನಾ ಬರದದ್ದು ಇದರ ಹೆಸರು."

ಭಾಗ್ಯ ಅಂಗೈ ನೋಡಿದ್ಲು, ಅತ್ತಿ ಮಾರಿ ನೋಡಿದ್ಲು. "ಹಂಗಾದ್ರೆ... ನೀವು ನನ್ನ ಕರ್ದಿರ್ಲಿಲ್ವಾ?"

ಹುಲಿಗೇಶ ಗಾಬರಿ ಬಿದ್ದು ನಡುವ ಬಾಯಿ ಹಾಕಿದ. "ಕರದಾಳ, ಕರದಾಳ! ನೀನೂ ಕೂಸೂ ಇಬ್ಬರದೀರಲ್ಲ, ಅದಕ್ಕ ಬನ್ನಿ ಅಂದಾಳ."

"ಸುಳ್ಳು ಹೇಳಬ್ಯಾಡಲೇ" ಅಂದ್ಲು ಗ್ಯಾನಮ್ಮ. "ಕರದಿದ್ದಿಲ್ಲ ಯವ್ವಾ. ಹಟ ಹಿಡದು ಕುಂತಿದ್ದೆ. ದಿನಾ ನಿನ್ನ ನೆನಸಿ ಕಣ್ಣೀರು ಹಾಕ್ತಿದ್ದೆ, ಬಾಯಿ ಬಿಟ್ಟು ಕರೀಲಿಲ್ಲ."

ಗ್ವಾಡಿ ಆಚಿ ಹಸೀನಾಬೀ ಸುದ್ದಾ ಉಸಿರು ಬಿಗಿ ಹಿಡದಿರಬೇಕು. ಗ್ಯಾನಮ್ಮ ಹೊಸ್ತಿಲ ಮ್ಯಾಲಿಂದ ಎರಡೂ ಕೈ ಚಾಚಿದ್ಲು.

"ಈಗ ಕರೀತೀನಿ. ಒಳಗ ಬಾ ಬೇ."

ಭಾಗ್ಯಾನ ಕಣ್ಣಾಗ ನೀರು, ತುಟಿ ಮ್ಯಾಲ ನಗಿ. ಕೂಸಿನ್ನ ಅತ್ತಿ ಕೈಯಾಗ ಕೊಟ್ಟು ಬಲಗಾಲು ಎತ್ತಿ ಒಳಗಿಟ್ಲು.

"ಬಂದೆ ಬೇ" ಅಂದ್ಲು.